ಪೇಟಿ ಮೇಷ್ಟ್ರ ‘ಯಾರ ಪೈಕಿ?’

ಪೇಟಿ ಮೇಷ್ಟ್ರು ತೀರಿಕೊಂಡರು ಎಂದು ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ದುಃಖ ಆಮೇಲೆ ಬಂತು, ಅದೂ ನಿಧಾನವಾಗಿ. ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ಎಳೆದಾಡಿದ ಜಗಳವೊಂದು ಬಾಕಿ ಇತ್ತು. ಅದನ್ನು ಮುಗಿಸದೆ ಎದ್ದು ಹೋದದ್ದು ಅವರ ಜಾಯಮಾನಕ್ಕೆ ಸರಿಯಾಗಿಯೇ ಇತ್ತು ಅನ್ನಿ. ಮಾತಿನಲ್ಲಿ ಸೋಲುವ ಹಾಗೆ ಕಂಡರೆ ಸಾಕು, ಮೇಷ್ಟ್ರು ತಿದಿ ಎಳೆದು ಪೇಟಿ ಬಾರಿಸಲು ಶುರು ಮಾಡುತ್ತಿದ್ದರು. ಆ ಗದ್ದಲದಲ್ಲಿ ಎದುರಿಗಿದ್ದವನು ತನ್ನ ವಾದವನ್ನು ತಾನೇ ಕೇಳಿಸಿಕೊಳ್ಳಬೇಕು.

ಪೇಟಿ ಅಂದರೆ ಹಾರ್ಮೋನಿಯಂ. ಬೇಸಿಗೆ ಬಂತೆಂದರೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಹಳ್ಳಿಗಳ ಹುಡುಗರಿಗೆ ನಾಟಕ ಕಲಿಸಲು ಅವರು ಜಗಳೂರಿನಿಂದ ಬರುತ್ತಿದ್ದರು. ಪೇಟಿಯನ್ನು ಹಳೆಯ ಜಮಖಾನದಲ್ಲಿ ಸುತ್ತಿ ಬಸ್ಸಿನ ಸೀಟಿನ ಮೇಲೆ ಕೂರಿಸುತ್ತಿದ್ದರು. ಲಗೇಜನ್ನು ಮೇಲಕ್ಕೆ ಹಾಕಿ ಎಂದ ಕಂಡಕ್ಟರಿಗೆ, “ಲಗೇಜ್ ಯಾವುದಪ್ಪ ಇಲ್ಲಿ? ಇದು ನಮ್ಮ ಮನೀ ಹಿರಿಯ,” ಎಂದು ಜಗಳ ತೆಗೆಯುತ್ತಿದ್ದರು. ಬಸ್ಸು ಹೊರಡುವುದು ತಡವಾದರೆ ಮಿಕ್ಕವರ ಶಾಪ ಕಂಡಕ್ಟರಿಗೆ, ಮೇಷ್ಟ್ರಿಗಲ್ಲ.

ಅವರಿಗೊಂದು ಒಳ್ಳೆಯ ಹೆಸರಿತ್ತು. ನಾನದನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿಲ್ಲದ ಪಾತ್ರವೊಂದನ್ನು ಬರೆದೆ ಎಂಬ ಒಂದೇ ಕಾರಣಕ್ಕೆ ಇಡೀ ಬೇಸಿಗೆ ನನ್ನ ಪ್ರಾಣ ತಿಂದವರು ಅವರು. ಈಗ ತಾವೂ ಒಂದು ಬರಹದಲ್ಲಿ ಹೆಸರಿಲ್ಲದೆ ಕೂತು ನೋಡಲಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಂ.ಎ. ಮುಗಿಸಿ, ತಲೆ ತುಂಬ ನವ್ಯ ಸಾಹಿತ್ಯ ತುಂಬಿಕೊಂಡು, ಗೋವಿನಕೋವಿಯ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಬಂದಿದ್ದೆ. ಮೊದಲ ಭೇಟಿಯಲ್ಲೇ ಪೇಟಿ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂಗಿಗೆ ನಶ್ಯ ಏರಿಸಿ ಕೇಳಿದರು:

“ನೀವು ಯಾರ ಪೈಕಿ?”

ಈ ಸೀಮೆಯಲ್ಲಿ ಇದು ನಮಸ್ಕಾರಕ್ಕಿಂತ ಮುಂಚೆ ಬರುವ ಪ್ರಶ್ನೆ. ಯಾರ ಪೈಕಿ ಅಂದರೆ ಯಾರ ಕಡೆಯವರು, ಯಾವ ಬಳಗ. ಇದೊಂದಕ್ಕೆ ಉತ್ತರ ಕೊಟ್ಟರೆ ಸಾಕು, ನಿಮ್ಮ ಜಾತಿ, ಜಮೀನು, ಹೆಣ್ಣು ಕೊಡಬಹುದೋ ಬಾರದೋ ಎಲ್ಲ ಎದುರಿನವರಿಗೆ ಒಂದೇ ಏಟಿಗೆ ತಿಳಿಯುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದು ನನ್ನ ವ್ರತ.

“ಮನುಷ್ಯರ ಪೈಕಿ,” ಅಂದೆ.

“ಅದು ನೋಡಿದ್ರೇ ಗೊತ್ತಾಗುತ್ತೆ ಬಿಡ್ರಿ. ಮನುಷ್ಯರಾಗೆ ಯಾರ ಪೈಕಿ?”

ನಾನು ಬಾಯಿ ಬಿಡಲಿಲ್ಲ. ಅವರು ಬಿಟ್ಟರೆ ತಾನೆ? ಎರಡು ದಿನ ಬಿಟ್ಟು ಹೈಸ್ಕೂಲಿಗೇ ಬಂದು, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನ ತಾಯಿಯ ತವರೂರು, ಸೋದರಮಾವನ ವ್ಯಾಪಾರ, ಅಕ್ಕನನ್ನು ಕೊಟ್ಟ ಮನೆ ಎಲ್ಲವನ್ನೂ ಒಪ್ಪಿಸಿದರು. ಯಾವ ಬಸ್ಸಿನಲ್ಲಿ ಯಾರನ್ನು ಹಿಡಿದು ಕೇಳಿದ್ದರೋ ಕಾಣೆ. ಹೆಡ್ಮಾಸ್ತರರು ತಲೆದೂಗಿದರು. ನನ್ನ ವ್ರತ ಅಲ್ಲಿಗೆ ಕೆಟ್ಟಿತು.

ಸಂಗೀತದ ವಿಷಯಕ್ಕೆ ಬಂದರೆ ಅದು ಇನ್ನೊಂದು ತಲೆನೋವು. ಹೊನ್ನಾಳಿಯ ಟಾಕೀಸಿಗೆ ಹೊಸ ಪಿಕ್ಚರು ಬಂದರೆ ಮೇಷ್ಟ್ರು ಮಧ್ಯಾಹ್ನದ ಆಟಕ್ಕೆ ಹೋಗಿ, ಅದರ ಹಾಡಿನ ಮಟ್ಟನ್ನೆಲ್ಲ ತಲೆಗೆ ಏರಿಸಿಕೊಂಡು ಬರುತ್ತಿದ್ದರು. ಸಂಜೆ ಅದಕ್ಕೆ ತಮ್ಮ ಮಾತು ಕೂರಿಸುತ್ತಿದ್ದರು. ನಾಯಕ ನಾಯಕಿ ಹೂದೋಟದಲ್ಲಿ ಓಡಾಡುವ ಮಟ್ಟಿಗೆ ವಿಧವೆಯ ಗೋಳು ಬಂದು ಕೂರುತ್ತಿತ್ತು. ಜನ ಮಟ್ಟಿನ ಗುರುತು ಹಿಡಿದು ಶಿಳ್ಳೆ ಹಾಕಿದರೆ, ಮೇಷ್ಟ್ರು ಪೇಟಿ ನಿಲ್ಲಿಸಿ ಜನರನ್ನೇ ಬೈಯುತ್ತಿದ್ದರು: “ಗಂಡ ಸತ್ತಾನೆ ಅಲ್ಲಿ, ನಿಮಗೆ ಶಿಳ್ಳೆ ಬರುತ್ತಾ?”

ಆ ಪೇಟಿಯಲ್ಲಿ ಒಂದು ಸ್ವರ ಹೊರಡುತ್ತಿರಲಿಲ್ಲ. ರಿಪೇರಿ ಮಾಡಿಸಿ ಎಂದರೆ ಕೇಳುತ್ತಿರಲಿಲ್ಲ. ಆ ಸ್ವರ ಬರಬೇಕಾದ ಕಡೆ ತಾವೇ ಮೂಗಿನಲ್ಲಿ “ಹ್ಞಾ” ಅನ್ನುತ್ತಿದ್ದರು. ಕಲಿಯುವ ಹುಡುಗರು ಅದನ್ನೂ ಹಾಡಿನ ಭಾಗ ಎಂದೇ ಕಲಿತರು. ಇವತ್ತಿಗೂ ನ್ಯಾಮತಿ ಕಡೆಯ ಭಜನೆಗಳಲ್ಲಿ, ಇದ್ದಕ್ಕಿದ್ದಂತೆ ಶಿವನ ಹೆಸರಿನ ಮಧ್ಯೆ ಎಲ್ಲರೂ ಒಟ್ಟಿಗೆ “ಹ್ಞಾ” ಅಂದರೆ ಅದು ನಮ್ಮ ಮೇಷ್ಟ್ರ ಕೆಟ್ಟ ಪೇಟಿಯ ಪ್ರಸಾದ ಅಂತ ತಿಳಿಯಿರಿ.

ಇಂಥವರ ಕೈಗೆ ನನ್ನ ನಾಟಕ ಸಿಕ್ಕಿತು. ತಪ್ಪು ಯುವಕ ಸಂಘದವರದು. ಅಣ್ಣ-ತಂಗಿ ಕಣ್ಣೀರಿನ ನಾಟಕಗಳನ್ನೇ ಆಡಿ ಆಡಿ ಬೇಸತ್ತಿದ್ದ ಅವರು, ಈ ಸಲ ಏನಾದರೂ ಹೊಸದು ಕೊಡಿ ಸಾರ್ ಎಂದು ಬಂದರು. ನಾನು ‘ನಿಲುಗಡೆ’ ಎಂಬ ನಾಟಕ ಬರೆದಿಟ್ಟಿದ್ದೆ. ಒಂದು ಬಸ್ ಸ್ಟಾಪು. ಅಲ್ಲಿ ಒಬ್ಬ ನಿಂತಿದ್ದಾನೆ. ಅವನ ಹೆಸರು ‘ಅವನು’. ಬಂದವರೆಲ್ಲ ಅವನನ್ನು ಏನೇನೋ ಕೇಳುತ್ತಾರೆ, ಅವನು ಉತ್ತರ ಕೊಡುವುದಿಲ್ಲ. ಮೊದಲಿಂದ ಕೊನೆಯವರೆಗೆ ರಂಗದ ಮೇಲೇ ಇರುತ್ತಾನೆ. ಕೊನೆಗೆ ಬಸ್ಸು ಬರುತ್ತದೆ, ಎಲ್ಲರೂ ಹತ್ತುತ್ತಾರೆ, ಅವನು ಹತ್ತುವುದಿಲ್ಲ. ಪರದೆ. ಓದಿದರೆ ಮುಕ್ಕಾಲು ಗಂಟೆಯ ನಾಟಕ. ಯಾರಿಗೂ ಸೇರದ ಮನುಷ್ಯನ ಕಥೆ, ಅಷ್ಟೇ. ಆ ವಯಸ್ಸಿನಲ್ಲಿ ನನಗೆ ಅದಕ್ಕಿಂತ ದೊಡ್ಡ ವಸ್ತು ಇನ್ನೊಂದಿಲ್ಲ ಎನ್ನಿಸಿತ್ತು. ಅದು ಬರೆದ ಹಾಗೆಯೇ ಒಮ್ಮೆ ರಂಗದ ಮೇಲೆ ಬರಬೇಕೆಂಬುದು ನನ್ನ ಒಂದೇ ಆಸೆ.

ಶಾಲೆಯ ಜಗಲಿಯಲ್ಲಿ ಓದಿ ಮುಗಿಸಿದೆ. ಮೇಷ್ಟ್ರು ನಶ್ಯದ ಡಬ್ಬಿ ತಿರುವುತ್ತಾ ಕೇಳಿದರು:

“ಇವ ಯಾರ ಪೈಕಿ ಸಾರ್?”

“ಯಾರ ಪೈಕಿಯೂ ಅಲ್ಲ ಮೇಷ್ಟ್ರೆ. ಅದೇ ನಾಟಕ.”

“ತಾಯಿ?”

“ಇಲ್ಲ.”

“ಸತ್ತಾಳಾ?”

“ಸತ್ತಿಲ್ಲ. ನಾಟಕದಲ್ಲೇ ಇಲ್ಲ.”

“ಅದೆಂಗೆ ಆಗುತ್ತೆ? ನಾಟಕದಾಗೆ ಇಲ್ಲ ಅಂದ್ರೆ ಸತ್ತಿರ್ಬೇಕು, ಇಲ್ಲ ಊರಾಗಿರ್ಬೇಕು. ಒಬ್ಬ ತಾಯೀನ ಕೊಡ್ರಿ ಸಾರ್ ಪಾಪ. ಕೊನೇ ಸೀನ್‌ನಾಗೆ ಬಂದು ಮಗಾ ಅಂದ್ರೆ ಸಾಕು, ಜನ ಅಳಾಕೆ ಶುರು ಮಾಡ್ತಾರೆ.”

ಜನ ಅಳುವುದು ಬೇಡ, ಯೋಚನೆ ಮಾಡಲಿ ಎಂದೆ. ಯೋಚನೆ ಮಾಡುವುದಕ್ಕೆ ಅವರು ಮನೆಯಲ್ಲೇ ಇರಬಹುದಲ್ಲ, ಕಂಬಳಿ ಹೊದ್ದು ಇಲ್ಲಿಗೆ ಯಾಕೆ ಬರಬೇಕು ಎಂದರು. ಮುಕ್ಕಾಲು ಗಂಟೆಗೇ ಎಬ್ಬಿಸಿ ಕಳಿಸಿದರೆ ಕಂಬಳಿ ತಂದವರಿಗೆ ಅವಮಾನವಂತೆ. ಸಂಜೆಯವರೆಗೆ ಗುದ್ದಾಡಿದ ಮೇಲೆ ರಾಜಿಗೆ ಬಂದೆವು. ಹಾಡು ಸೇರಿಸಬಹುದು, ಬಸ್ ಸ್ಟಾಪಿನಲ್ಲಿ ಒಂದು ಟೀ ಅಂಗಡಿ ಇಡಬಹುದು. ಆದರೆ ನಾನು ಬರೆದ ಮಾತು ಮುಟ್ಟುವಂತಿಲ್ಲ. ಅವನಿಗೆ ಹೆಸರಿಲ್ಲ, ತಾಯಿ ಇಲ್ಲ.

“ನಾಟಕದಾಗೆ ಸೇರಿಸಲ್ಲ, ಆತಾ?” ಎಂದು ಪೇಟಿ ಮುಟ್ಟಿ ಆಣೆ ಮಾಡಿದರು. ಆಗ ನಾನು ಆ ಮಾತನ್ನು ಸರಿಯಾಗಿ ಕಿವಿಗೊಟ್ಟು ಕೇಳಬೇಕಿತ್ತು.

‘ಅವನು’ ಪಾತ್ರಕ್ಕೆ ನಾನು ಆರಿಸಿದ್ದು ಸೈಕಲ್ ಶಾಪಿನ ಸೋಮಣ್ಣನನ್ನು. ಇಪ್ಪತ್ತೈದರ ಆಸುಪಾಸಿನವನು, ಎತ್ತರದ ಆಳು, ಕಡಿಮೆ ಮಾತು. ಗೋವಿನಕೋವಿಯ ಹುಡುಗರಿಗೆ ಮೇಷ್ಟ್ರು ಕಲಿಸಿದ್ದು ಅದೇ ಮೊದಲು; ತಾಲೀಮಿನ ಮೊದಲ ದಿನ ಎಲ್ಲರನ್ನೂ ಕೇಳಿದಂತೆ ಅವನನ್ನೂ ಕೇಳಿದರು, “ನೀನು ಯಾರ ಪೈಕಿ ತಮ್ಮಾ?”

ಸೋಮಣ್ಣ ತಲೆ ತಗ್ಗಿಸಿದ. ಟೀ ಅಂಗಡಿಯವನ ಪಾತ್ರ ಮಾಡುತ್ತಿದ್ದ ಚನ್ನಬಸಪ್ಪ ಹಿಂದಿನಿಂದ, “ಅವ ಬಸ್ ಸ್ಟ್ಯಾಂಡ್ ಪೈಕಿ ಮೇಷ್ಟ್ರೆ,” ಅಂದ. ಎಲ್ಲರೂ ನಕ್ಕರು. ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಎಳೆಯ ಮಗುವಾಗಿದ್ದಾಗ ಅವನನ್ನು ಯಾರೋ ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗಿದ್ದರು. ಹೋಟೆಲಿನವರೊಬ್ಬರು ಅನ್ನ ಹಾಕಿ ಬೆಳೆಸಿದ್ದರು. ಅವನ ಹಿಂದೆ ಮುಂದೆ ಯಾರೂ ಇರಲಿಲ್ಲ.

ನನಗೆ ಮೈ ಉರಿದುಹೋಯಿತು. ಮೇಷ್ಟ್ರನ್ನು ಹೊರಗೆ ಕರೆದು, ನಿಮ್ಮ ಈ ದರಿದ್ರ ಪ್ರಶ್ನೆ ಎಷ್ಟು ಜನರ ಮರ್ಯಾದೆ ತೆಗೆಯುತ್ತದೆ ಗೊತ್ತೇನ್ರಿ ಎಂದು ಕೂಗಾಡಿದೆ. ಅವರು ಒಳಗೆ ಹೋಗಿ ಪೇಟಿಯ ಮುಂದೆ ಕೂತರು. ಆ ಬೇಸಿಗೆಯಲ್ಲಿ ಅವರು ಸೋಮಣ್ಣನನ್ನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಮಿಕ್ಕ ಪ್ರಪಂಚವನ್ನೆಲ್ಲ ಕೇಳುತ್ತಲೇ ಇದ್ದರು.

ಸೋಮಣ್ಣ ಮಾತ್ರ ಒಂದು ಸಂಜೆ ನನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಾ, “ಈ ಪಾತ್ರ ಚಲೋ ಐತೆ ಸಾರ್. ಯಾರು ಏನು ಕೇಳಿದ್ರೂ ಹೇಳಂಗಿಲ್ಲ,” ಎಂದ. ನನ್ನ ನಾಟಕಕ್ಕೆ ಬಂದ ಮೊದಲ ವಿಮರ್ಶೆ ಅದು. ನಾನು ಹಿಗ್ಗಿಹೋದೆ.

ಹಿಗ್ಗು ಹ್ಯಾಂಡ್‌ಬಿಲ್ ಬರುವವರೆಗೆ ಬಾಳಿತು. ನಮ್ಮ ಡ್ರಾಯಿಂಗ್ ಮೇಷ್ಟ್ರು ಅದಕ್ಕೆ ಮುಖವಿಲ್ಲದ ಒಬ್ಬ ಮನುಷ್ಯನ ಚಿತ್ರ ಬರೆದುಕೊಟ್ಟಿದ್ದರು, ನಾಲ್ಕು ಗೆರೆ ಅಷ್ಟೇ, ಬಹಳ ಚೆನ್ನಾಗಿತ್ತು. ಅಚ್ಚಾಗಿ ಬಂದಾಗ ಅವನಿಗೆ ದಪ್ಪ ಮೀಸೆ, ಎರಡು ಕಣ್ಣು, ಹಣೆಗೆ ವಿಭೂತಿ. ಏನ್ರಿ ಇದು ಎಂದು ಪೇಟಿ ಮೇಷ್ಟ್ರನ್ನು ಕೇಳಿದರೆ, “ಹಂಗೇ ಬಿಟ್ರೆ ಪ್ರೆಸ್ಸಿನೋರು ಮಸಿ ಕಡಿಮೆ ಹಾಕ್ಯಾರೆ ಅಂತಾರೆ ಸಾರ್,” ಎಂದರು. ಬರೀ ಕಪ್ಪು ಪರದೆ ಸಾಕು ಎಂದು ಬೇಡಿಕೊಂಡಿದ್ದೆ. ಪರದೆ ತರುವುದನ್ನೇ ಮರೆತಿದ್ದಾರೆ ಎಂದು ಜನ ತಿಳಿಯುತ್ತಾರಂತೆ. ದಾವಣಗೆರೆಯಿಂದ ಬಾಡಿಗೆಗೆ ಬಂದ ಪರದೆಯಲ್ಲಿ ಅರಮನೆ, ಕಾರಂಜಿ, ಎರಡು ನವಿಲು ಇದ್ದವು. ನನ್ನ ಬಸ್ ಸ್ಟಾಪು ಆ ಅರಮನೆಯ ಮುಂದೆ ಬಂತು.

ನಾಟಕದ ದಿನ ಊಟ ಮುಗಿಸಿ ಜನ ಸೇರಿದರು. ಇಲ್ಲಿ ನಮ್ಮ ಕಡೆಯ ಆಯಾರದ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಯಾರ ಅಂದರೆ ನಾಟಕ ನಡೆಯುತ್ತಿರುವಾಗಲೇ ಪಾತ್ರಧಾರಿಯ ನೆಂಟರು ರಂಗದ ಮೇಲೆ ಬಂದು ಮಾಡುವ ಉಡುಗೊರೆ. ಟವಲ್ಲು, ಪಂಚೆ, ಕಾಯಿ, ಹೂವಿನ ಹಾರ. ಆಗ ನಾಟಕ ನಿಲ್ಲುತ್ತದೆ. ಯಾರು ಯಾರಿಗೆ ಕೊಟ್ಟರು, ಅವರಿಗೆ ಇವರು ಏನಾಗಬೇಕು ಎಂಬುದನ್ನು ಮೈಕಿನಲ್ಲಿ ಕೂಗುತ್ತಾರೆ, ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಹಿಂದಿನ ವರ್ಷ ಯುದ್ಧದಲ್ಲಿ ಸತ್ತು ಬಿದ್ದಿದ್ದ ರಾಜ ಎದ್ದು ಕೂತು, ಬೀಗರಿಂದ ಧೋತರ ಇಸಕೊಂಡು, ಕೈ ಮುಗಿದು, ಮತ್ತೆ ಸತ್ತದ್ದನ್ನು ನಾನೇ ಕಂಡಿದ್ದೆ. ಸೋಮಣ್ಣ ಪ್ರತಿ ವರ್ಷ ಸಿಪಾಯಿಯ ಪಾತ್ರ ಮಾಡುತ್ತಿದ್ದ. ಆಯಾರ ಶುರುವಾದ ಕೂಡಲೇ ನೀರು ಕುಡಿಯುವ ನೆಪ ಮಾಡಿ ಒಳಗೆ ಸರಿದುಬಿಡುತ್ತಿದ್ದ.

ಈ ಸಲ ಸರಿಯುವ ಹಾಗಿರಲಿಲ್ಲ. ನನ್ನ ನಾಯಕ ರಂಗ ಬಿಟ್ಟು ಕದಲುವಂತಿಲ್ಲವಲ್ಲ. ಟೀ ಅಂಗಡಿಯ ಚನ್ನಬಸಪ್ಪನಿಗೆ ಅವನ ಮಾವ ಬಂದರು, ಅಣ್ಣ ಬಂದರು, ಅಕ್ಕನ ಗಂಡ ಬಂದರು. ಮುದುಕನ ಪಾತ್ರದವನಿಗೆ ಅರ್ಧ ಊರೇ ಬಂತು. ದಾವಣಗೆರೆಯಿಂದ ಬಂದಿದ್ದ ನಟಿಗೂ ಯಾರೋ ಅಭಿಮಾನಿಗಳು ಸೀರೆ ತಂದರು. ಹಾಡು, ಆಯಾರ, ಟೀ ಅಂಗಡಿಯ ಹಾಸ್ಯ ಸೇರಿ ನನ್ನ ಮುಕ್ಕಾಲು ಗಂಟೆಯ ನಾಟಕ ಬೆಳಗಿನವರೆಗೆ ಬೆಳೆಯಿತು. ಅಷ್ಟು ಹೊತ್ತೂ ಸೋಮಣ್ಣ ಅರಮನೆಯ ಮುಂದೆ, ನವಿಲುಗಳ ಮಧ್ಯೆ, ಬರಿಗೈಲಿ ನಿಂತೇ ಇದ್ದ. ನಾಟಕದಲ್ಲಿ ಇದ್ದದ್ದೂ ಅದೇ, ಆದರೆ ಈಗ ಅದು ನಾಟಕವಾಗಿ ಕಾಣುತ್ತಿರಲಿಲ್ಲ. ಪರದೆಯ ಸಂದಿಯಿಂದ ನೋಡುತ್ತಿದ್ದ ನಾನು ಬೇಗ ಮುಗಿಸಿ ಎಂದು ಮೇಷ್ಟ್ರಿಗೆ ಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

ಮೂಡಣ ಬೆಳ್ಳಗಾಗುತ್ತಿದ್ದಾಗ ಕೊನೆಯ ದೃಶ್ಯ ಬಂತು. ಇನ್ನೇನು ಬಸ್ಸು ಬರಬೇಕು. ಪೇಟಿ ಒಮ್ಮೆಗೇ ನಿಂತಿತು. ಮೇಷ್ಟ್ರು ಎದ್ದರು. ತಲೆಗೆ ರುಮಾಲು ಸುತ್ತಿದರು. ಪೇಟಿಯ ಹಿಂದೆ ಬಚ್ಚಿಟ್ಟಿದ್ದ ಹೊಸ ಪಂಚೆ, ಟವಲ್ಲು, ಕಾಯಿ ತೆಗೆದುಕೊಂಡು ರಂಗ ಹತ್ತಿ ಮೈಕು ಹಿಡಿದರು.

“ಸೋಮಣ್ಣನ ಪಾತ್ರಕ್ಕೆ ಮೆಚ್ಚಿ, ಜಗಳೂರಿನ ನಮ್ಮ ಮನೆತನದಿಂದ ಆಯಾರ.”

ಜನ ಗುಜುಗುಜು ಎಂದರು. ಹಿಂದಿನಿಂದ ಯಾರೋ ಮೇಷ್ಟ್ರ ಮಾತನ್ನೇ ಅವರಿಗೆ ತಿರುಗಿಸಿ ಕೇಳಿದರು, “ಮೇಷ್ಟ್ರೆ, ಅವ ಯಾರ ಪೈಕಿ?”

“ನಮ್ಮ ಪೈಕಿ,” ಎಂದರು ಮೇಷ್ಟ್ರು. ಆಮೇಲೆ ಆಯಾರ ಬರೆದುಕೊಳ್ಳುತ್ತಿದ್ದವನ ಕಡೆ ತಿರುಗಿ, “ಬರ್ಕೊಳಪ್ಪ. ನಮ್ಮ ಪೈಕಿ,” ಎಂದು ಇನ್ನೊಮ್ಮೆ ಹೇಳಿದರು.

ಟವಲ್ಲನ್ನು ಅವನ ಹೆಗಲಿಗೆ ಹಾಕಿ ಇಳಿದು ಬಂದು, ಏನೂ ನಡೆದೇ ಇಲ್ಲ ಎಂಬಂತೆ ಪೇಟಿಯಲ್ಲಿ ಬಸ್ಸಿನ ಹಾರನ್ ಬಾರಿಸಿದರು. ಎಲ್ಲ ಪಾತ್ರಗಳೂ ಬಸ್ಸು ಹತ್ತಲು ಒಳಗೆ ಹೋದವು. ಈಗ ಸೋಮಣ್ಣ ಕದಲದೆ ನಿಲ್ಲಬೇಕು, ಪರದೆ ಬೀಳಬೇಕು. ಸೋಮಣ್ಣ ಅಳುತ್ತಿದ್ದ. ಟವಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡು, ಹಾರನ್ ಕೇಳಿದ ಕಡೆಗೆ ಸೀದಾ ನಡೆದುಹೋಗಿ ಬಸ್ಸು ಹತ್ತಿಬಿಟ್ಟ.

ಹೌದು, ನನ್ನ ನಾಯಕ ಬಸ್ಸು ಹತ್ತಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ನಾಟಕದ ಅರ್ಥ ಅಂತ ಏನಿತ್ತೋ ಅದು ಅದೇ ಬಸ್ಸಿನಲ್ಲಿ ಹೊರಟುಹೋಯಿತು.

ಬೆಳಗಿನ ಟೀ ಕುಡಿಯುವಾಗ ಹೋಗಿ ಮೇಷ್ಟ್ರನ್ನು ಹಿಡಿದುಕೊಂಡೆ. ಮಾತು ಕೊಟ್ಟು ಮೋಸ ಮಾಡಿದಿರಿ ಎಂದೆ.

“ನೀವು ಬರೆದದ್ದು ಒಂದಕ್ಷರ ಮುಟ್ಟೀನಾ? ತಾಯೀನ ಸೇರಿಸೀನಾ? ಆಯಾರ ನಾಟಕದಾಗೆ ಬರಲ್ಲ ಸಾರ್. ಅದು ಊರಿಂದು.”

“ಬಸ್ಸು ಹತ್ತಿಸಿದ್ದು?”

“ಅವನೇ ಹತ್ತಿದ. ನಾ ಏನು ಮಾಡಾಕೆ ಆಗುತ್ತೆ? ಬಂದ ಬಸ್ಸು ಯಾಕೆ ಬಿಡ್ಬೇಕು ಅಂತೀನಿ.”

ಯಾರಿಗೂ ಸೇರದವನೊಬ್ಬ ಇರಬಾರದೇ ಎಂದು ಕೇಳಿದೆ. ಎಲ್ಲರನ್ನೂ ಯಾರ ಪೈಕಿಗಾದರೂ ಕಟ್ಟಿಯೇ ತೀರಬೇಕೇ? ಹಾಗೆ ಕಟ್ಟುವ ಜನರೇ ತಾನೆ ಇವನನ್ನು ನೋಡಿ ನಕ್ಕದ್ದು? ಇದು ನನ್ನ ವಾದ, ಇವತ್ತಿಗೂ ಇದೇ. ಮೇಷ್ಟ್ರು ಟೀ ಲೋಟ ಕೆಳಗಿಟ್ಟು, ಪೇಟಿಯನ್ನು ಹತ್ತಿರ ಎಳೆದುಕೊಂಡು ಬಾರಿಸತೊಡಗಿದರು. ಜಗಳ ನಿಂತದ್ದು ಅಲ್ಲಿಯೇ.

ಆ ಬೇಸಿಗೆ ಮುಗಿದಾಗ ಪೇಟಿ ಹೊರಲು ಜೊತೆಗೆ ಬಾ ಎಂದು ಸೋಮಣ್ಣನನ್ನು ಜಗಳೂರಿಗೆ ಕರೆದುಕೊಂಡು ಹೋದರು. ಅವನು ಅಲ್ಲಿಯೇ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು ಹಾಕಿದ ಎಂದು ಕೇಳಿದೆ. ನನಗೆ ಚನ್ನಗಿರಿಗೆ ವರ್ಗವಾಯಿತು. ಮೇಷ್ಟ್ರು ಅಲ್ಲಿಗೂ ಬಿಡಲಿಲ್ಲ. ಅಲ್ಲೇ ಹತ್ತಿರದ ನಲ್ಲೂರಿನಲ್ಲಿ ನನ್ನನ್ನು ಒಂದು ಮಾತೂ ಕೇಳದೆ ‘ನಿಲುಗಡೆ’ಯನ್ನು ಮತ್ತೆ ಆಡಿಸಿದರು. ಈ ಸಲ ಅವನಿಗೆ ಹೆಸರು ಬಂದಿತ್ತು, ತಾಯಿಯೂ ಬಂದಿದ್ದಳು, ತಂಗಿಯ ಮದುವೆಯೂ ಆಯಿತಂತೆ. ಸಿಟ್ಟಿನಿಂದ ಹೋಗಿ ಕೇಳಿದರೆ ಹ್ಯಾಂಡ್‌ಬಿಲ್ ತೆಗೆದು ತೋರಿಸಿದರು. ರಚನೆ ಎಂದು ನನ್ನ ಹೆಸರು, ಅದರ ಕೆಳಗೆ ನನ್ನ ತಂದೆಯ ಹೆಸರು, ಊರು, ಸೋದರಮಾವನ ಅಂಗಡಿಯ ಹೆಸರು.

“ಬಿಡಿಯಾಗಿ ಹಾಕಿದ್ರೆ ಚಂದ ಕಾಣಲ್ಲ ಸಾರ್,” ಅಂದರು.

ಆಮೇಲೆ ಕ್ಯಾಸೆಟ್ಟು ಬಂತು, ಆರ್ಕೆಸ್ಟ್ರಾ ಬಂತು. ಪೇಟಿಯವರನ್ನು ಕರೆಯುವ ಹಳ್ಳಿಗಳು ಕಡಿಮೆಯಾದವು. ಬಸ್ ಸ್ಟ್ಯಾಂಡಿನಲ್ಲಿ ಅಪರೂಪಕ್ಕೆ ಸಿಕ್ಕರೆ ದೂರದಿಂದಲೇ ಕೂಗುತ್ತಿದ್ದರು, “ಹೊಸದು ಏನಾರ ಬರೆದ್ರಾ? ಅದ್ರಾಗಾದ್ರೂ ಹೆಸರೈತಾ?” ಉತ್ತರ ಕೊಡುವ ಮುಂಚೆಯೇ ಅವರ ಬಸ್ಸು ಹೊರಡುತ್ತಿತ್ತು. ಈ ಮನುಷ್ಯನಿಗೆ ಸರಿಯಾದ ಉತ್ತರವೊಂದನ್ನು ಕೊಟ್ಟೇ ತೀರಬೇಕೆಂದು ನಾನು ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದೆ.

ಅವೆಲ್ಲವನ್ನೂ ಇಟ್ಟುಕೊಂಡೇ ಅವರ ಶಿವಗಣಾರಾಧನೆಗೆ ಜಗಳೂರಿಗೆ ಹೋದೆ. ಮನೆಯ ಮುಂದೆ ಶಾಮಿಯಾನ, ಒಳಗೆ ಭಜನೆ. ಹಾಡಿನ ಮಧ್ಯೆ ಎಲ್ಲರೂ “ಹ್ಞಾ” ಅಂದಾಗ ನನಗೆ ನಗು ಬಂತು. ಪಂಕ್ತಿಯಲ್ಲಿ ಖಾಲಿ ಎಲೆ ಹುಡುಕುತ್ತಾ ನಿಂತಿದ್ದೆ. ಬಾಗಿಲ ಬಳಿ ಕೂತಿದ್ದ ಅಜ್ಜಿಯೊಬ್ಬರು, ಮೇಷ್ಟ್ರ ಅಕ್ಕನಂತೆ, ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು.

“ಯಾರಪ್ಪ ನೀವು? ಯಾರ ಪೈಕಿ?”

ಮನುಷ್ಯರ ಪೈಕಿ ಎಂಬ ನನ್ನ ಹಳೆಯ ಉತ್ತರ ನಾಲಿಗೆಯ ತುದಿಗೇ ಬಂತು. ಆಡಲು ಆಗಲಿಲ್ಲ. ಸಾವಿನ ಮನೆಯಲ್ಲಿ, ಒಬ್ಬರ ಗುರುತೂ ಇಲ್ಲದೆ, ಬಿಡಿಯಾಗಿ ನಿಂತುಕೊಂಡೆ. ನನ್ನ ಅಕ್ಕಪಕ್ಕದವರೆಲ್ಲ ತಿರುಗಿ ನೋಡತೊಡಗಿದರು.

ಒಳಗಿನಿಂದ ಸಾರಿನ ಬಕೆಟ್ಟು ಹಿಡಿದು ಒಬ್ಬ ಎತ್ತರದ ಆಳು ಬಂದ. ಕಿವಿಯ ಹತ್ತಿರ ಕೂದಲು ನರೆತಿತ್ತು, ಹೆಗಲ ಮೇಲೆ ಟವಲ್ಲು. ಮನೆಯ ಮಗನ ಗಡಿಬಿಡಿಯಲ್ಲಿ ಹೆಂಗಸರಿಗೆ ಏನೋ ಹೇಳುತ್ತಾ ಬಂದವನು ನನ್ನನ್ನು ಕಂಡು ನಿಂತ.

“ಸೋಮಾ, ಇವ್ರು ಯಾರ ಪೈಕಿ ನೋಡೋ,” ಅಂದರು ಅಜ್ಜಿ.

“ನಮ್ಮ ಪೈಕಿ ಅತ್ತೆ,” ಎಂದ ಸೋಮಣ್ಣ. ತನ್ನ ಪಕ್ಕದ ಎಲೆಯೊಂದನ್ನು ತೋರಿಸಿ, “ಕೂತ್ಕೊಳ್ರಿ ಸಾರ್, ಅನ್ನ ಆರುತ್ತೆ,” ಎಂದು ಮುಂದಿನ ಎಲೆಗೆ ಸಾರು ಬಡಿಸಲು ಹೋದ.

ವರ್ಷಗಟ್ಟಲೆ ಜೋಡಿಸಿಟ್ಟಿದ್ದ ಮಾತುಗಳನ್ನು ಹಾಗೆಯೇ ಇಟ್ಟುಕೊಂಡು, ಚಪ್ಪಲಿ ಬಿಟ್ಟು, ಹೋಗಿ ಎಲೆಯ ಮುಂದೆ ಕೂತೆ.